ರೇಡಿಯೇಟರಿನ ಬಿಳಿ ನೀರು

ಅಥವಾ ಮೊದಲು ಬಿದ್ದದ್ದು ಆಯಿಲ್ ಮೀಟರಿನ ಮುಳ್ಳೇ ಇರಬಹುದು. ನಾನು ಇಷ್ಟು ದಿನ ಎಲ್ಲರಿಗೂ ಹೇಳುತ್ತ ಬಂದದ್ದು ಬೇರೆ. ಮೊದಲು ಹೀಟ್ ಮೀಟರಿನ ಮುಳ್ಳು ಕೆಂಪಿಗೆ ಏರಿತು, ಆಮೇಲೆ ಆಯಿಲ್ ಮೀಟರಿನದು ಕೆಳಗೆ ಬಿತ್ತು ಎಂದು ಹೇಳಿ ಹೇಳಿ ಅದು ಗಟ್ಟಿಯಾಗಿದೆ. ಈಗಲೂ ಕಣ್ಣು ಮುಚ್ಚಿದರೆ ಎರಡೂ ಮುಳ್ಳು ಕಾಣುತ್ತವೆ, ಒಂದು ಏರುತ್ತಿದೆ, ಒಂದು ಇಳಿಯುತ್ತಿದೆ. ಆದರೆ ಆ ಲಾರಿಯ ಹೀಟ್ ಮೀಟರಿನ ಗಾಜು ಒಡೆದು ಒಳಗೆ ಧೂಳು ಕೂತಿತ್ತು. ಮಧ್ಯಾಹ್ನದ ಬಿಸಿಲು ನೇರ ಅದರ ಮೇಲೆ ಬೀಳುತ್ತಿತ್ತು. ಆ ಹೊತ್ತಿನಲ್ಲಿ ಮುಳ್ಳು ಕಾಣುತ್ತಲೇ ಇರಲಿಲ್ಲ. ಹಾಗಿದ್ದರೆ ನಾನು ನೋಡಿದ್ದು ಏನನ್ನು?

ಯಾವುದು ಮೊದಲು ಎಂಬುದು ಸಣ್ಣ ಮಾತಲ್ಲ. ಆಯಿಲ್ ಪ್ರೆಶರ್ ಮೊದಲು ಬಿದ್ದು ಆಮೇಲೆ ಇಂಜಿನ್ ಕಾದರೆ ರೋಗ ಒಳಗಿನದು. ಬೇರಿಂಗ್ ಸವೆದಿರುತ್ತವೆ, ಆಯಿಲ್ ಪಂಪು ಸೋತಿರುತ್ತದೆ. ಇಂಜಿನ್ ಮೊದಲು ಕಾದು, ಆ ಕಾವಿಗೆ ಆಯಿಲ್ ನೀರಿನ ಹಾಗೆ ತೆಳ್ಳಗಾಗಿ ಪ್ರೆಶರ್ ಬಿದ್ದರೆ ರೋಗ ರೇಡಿಯೇಟರಿನ ಕಡೆಯದು. ಮೊದಲನೆಯದಕ್ಕೆ ಇಂಜಿನ್ ಇಳಿಸಬೇಕು. ಎರಡನೆಯದಕ್ಕೆ ಕೆಲವು ಸಲ ತೊಳೆದು ಹೊಸ ನೀರು ತುಂಬಿದರೆ ಸಾಕು. ಇದನ್ನು ನನಗೆ ಕಲಿಸಿದವನು ನನ್ನ ಕಾಕಾ, ಅಪ್ಪನ ತಮ್ಮ. ಆ ದಿನ ನನ್ನ ಪಕ್ಕದ ಸೀಟಿನಲ್ಲಿ ಕೂತಿದ್ದವನೂ ಅವನೇ.

ಅವನು ಎಂದು ಬರೆಯುತ್ತಿದ್ದೇನೆ. ಎದುರಿಗೆ ಎಂದೂ ಹಾಗೆ ಮಾತಾಡಿಲ್ಲ.

ಲಾರಿ ಅಪ್ಪನದು. ಅಪ್ಪ ತೀರಿಕೊಂಡ ಮೇಲೆ ನಾನು ಓಡಿಸುತ್ತಿದ್ದೆ. ಹಸಿರು ಬಣ್ಣದ, ಆರು ಸಿಲಿಂಡರಿನ ಹಳೆಯ ಗಾಡಿ. ಕ್ಯಾಬಿನ್ನಿನ ನಡುವೆ ಇಂಜಿನ್ನಿನ ಡುಬ್ಬ, ಅದರ ಮೇಲೆ ಹೊದಿಸಿದ ಕಂಬಳಿ, ಬೇಸಿಗೆಯಲ್ಲಿ ಆ ಕಂಬಳಿಯ ಸುಟ್ಟ ವಾಸನೆ. ದ್ರಾಕ್ಷಿಯ ಹಂಗಾಮಿನಲ್ಲಿ ತಿಕೋಟಾ ಕಡೆಯ ಶೆಡ್ಡುಗಳಿಂದ ಒಣದ್ರಾಕ್ಷಿ ತುಂಬಿಕೊಂಡು ವಿಜಯಪುರದ ಕೋಲ್ಡ್ ಸ್ಟೋರೇಜಿಗೆ ತರುವುದು, ಉಳಿದ ದಿನ ಸಿಕ್ಕ ಬಾಡಿಗೆ. ಅಣ್ಣ ಜೋರಾಪುರ ಪೇಟೆಯಲ್ಲಿ ಅಂಗಡಿ ನೋಡಿಕೊಂಡಿದ್ದ. ಅವನಿಗೆ ಲಾರಿ ಎಂದರೆ ಬೇಸರ. ಅಪ್ಪನ ಕೊನೆಯ ವರ್ಷಗಳೆಲ್ಲ ಇದರ ಕೆಳಗೆ ಮಲಗಿ ಹೋದವು, ನೀನೂ ಹಾಗೆ ಆಗಬೇಡ, ಮಾರಿಬಿಡೋಣ ಎನ್ನುವುದು ಅವನ ಮಾತು. ನಾನು ಒಪ್ಪುತ್ತಿರಲಿಲ್ಲ. ನನಗೆ ಬೇರೆ ಕೆಲಸ ಬರುತ್ತಿರಲಿಲ್ಲ ಎಂಬುದು ಒಂದು. ಇನ್ನೊಂದನ್ನು ಹೇಳುವುದು ಕಷ್ಟ. ಆ ಸ್ಟೇರಿಂಗಿನ ಒಂದು ಕಡೆ ಅಪ್ಪನ ಅಂಗೈ ಸವೆಸಿದ ಜಾಗವಿತ್ತು, ನನ್ನ ಅಂಗೈ ಅಲ್ಲೇ ಕೂರುತ್ತಿತ್ತು.

ಜಗಳ ಮುಗಿಯದಾದಾಗ ಅವ್ವ ಹೇಳಿದಳು, "ನಿಮ್ಮ ಕಾಕಾ ನೋಡ್ಲಿ. ಅವಾ ಏನಂತಾನ ಅದ ಆಗ್ಲಿ. ಇಬ್ರೂ ಬಾಯಿ ಮುಚ್ಚ್ರಿ."

ಇದಕ್ಕೆ ನಾನೇ ಮೊದಲು ಹೂಂ ಅಂದೆ. ಕಾಕಾ ನನ್ನ ಕಡೆಯವನು ಎಂದು ತಿಳಿದಿದ್ದೆ. ಲೋಡ್ ತುಂಬಿದ ಒಂದು ಟ್ರಿಪ್ಪಿನಲ್ಲಿ ಅವನು ಪಕ್ಕದಲ್ಲಿ ಕೂತು ಇಂಜಿನ್ನಿನ ನಾಡಿ ನೋಡಬೇಕು, ಬದುಕುತ್ತದೆ ಎಂದರೆ ಗಾಡಿ ನನಗೆ, ಮುಗಿದಿದೆ ಎಂದರೆ ಮಾರಾಟ. ಹಾಗೆ ಮಾತಾಯಿತು.

ಕಾಕಾ ಮಮದಾಪುರದವನು, ಅಂದರೆ ಮದುವೆಯಾದ ಮೇಲೆ ಅಲ್ಲಿಯವನಾದವನು. ಡ್ರೈವರನೂ ಹೌದು, ಫಿಟ್ಟರನೂ ಹೌದು. ವಿಜಯಪುರದ ಗ್ಯಾರೇಜುಗಳಲ್ಲಿ ಅರ್ಧ ಜನ ಅವನ ಕೈಕೆಳಗೆ ಕಲಿತವರು. ಬಿಳಿ ಟೊಪಗಿ, ಧೋತರ, ಜೇಬಿನಲ್ಲಿ ಉದ್ದನೆಯ ಒಂದು ಸ್ಕ್ರೂಡ್ರೈವರ್. ಅದರ ತುದಿ ಇಂಜಿನ್ನಿಗೆ, ಹಿಡಿಕೆ ಕಿವಿಗೆ ಹಚ್ಚಿ ಕೇಳುತ್ತಿದ್ದ. ಕೇಳುವಾಗ ಬಾಯಿ ಸ್ವಲ್ಪ ತೆರೆದಿರುತ್ತಿತ್ತು. ರೇಡಿಯೇಟರಿನ ಮೇಲಿನ ಪೈಪು ಮುಟ್ಟು, ಕೆಳಗಿನ ಪೈಪು ಮುಟ್ಟು, ಮೇಲೆ ಸುಟ್ಟು ಕೆಳಗೆ ತಣ್ಣಗಿದ್ದರೆ ನೀರು ತಿರುಗುತ್ತಿಲ್ಲ ಎಂದು ತಿಳಿ. ಇದು ಅವನ ಮೊದಲ ಪಾಠ. ಇನ್ನೊಂದು ಪಾಠ ಬೆರಳಿನದು. ರೇಡಿಯೇಟರಿನ ನೀರು ಬೆಳ್ಳಗಾಗಿದ್ದರೆ ಕೂಡಲೇ ಹೆದರಬಾರದು. ಹೆಬ್ಬೆರಳು ತೋರುಬೆರಳ ನಡುವೆ ತಿಕ್ಕಿ, ಮೇಲೆ ಬರಿ ನೀರು ಹಾಕಬೇಕು. ಇಂಜಿನ್ ಆಯಿಲ್ ಕೂಡಿದ್ದರೆ ಬರಿ ನೀರಿಗೆ ಹೋಗುವುದಿಲ್ಲ, ಜಿಗಿ ಉಳಿಯುತ್ತದೆ. ಹೋಯಿತೆಂದರೆ ಅದು ಆಯಿಲ್ ಅಲ್ಲ, ಬೇರೆ ಏನೋ. ಈ ಪರೀಕ್ಷೆ ಮಾಡದೆ ಹೆಡ್ ಬಿಚ್ಚಿದ ಫಿಟ್ಟರರನ್ನು ಅವನು ಬಯ್ಯುತ್ತಿದ್ದ ರೀತಿ ಇಲ್ಲಿ ಬರೆಯುವಂಥದ್ದಲ್ಲ.

ತಿಕೋಟಾದ ಆ ಶೆಡ್ಡಿನಲ್ಲಿ ನಾವು ಮಧ್ಯಾಹ್ನದ ಊಟಕ್ಕೆ ಮೊದಲು ಲೋಡ್ ಮುಗಿಸಿದೆವು. ಅಥವಾ ಊಟ ಆದ ಮೇಲೆ. ನಾನು ಲೋಡಿನ ಮೇಲೆ ಹತ್ತಿ ತಾಡಪತ್ರಿ ಎಳೆದು ಹಗ್ಗ ಕಟ್ಟುತ್ತಿದ್ದೆ. ಕಾಕಾ ಕೆಳಗಿನಿಂದ ಕೂಗಿದ, "ಲೇ, ನೀರು ಕಮ್ಮಿ ಐತಿ. ನಾ ಹಾಕ್ತೇನಿ, ನೀ ಹಗ್ಗ ನೋಡು." ಮೇಲಿನಿಂದ ನನಗೆ ಅವನ ಟೊಪಗಿ ಮಾತ್ರ ಕಾಣುತ್ತಿತ್ತು. ಕೈಯಲ್ಲಿ ಕ್ಯಾನು. ಕ್ಯಾನಿನ ಬಣ್ಣ ನೀಲಿ ಎಂದು ನನಗೆ ಅನ್ನಿಸುತ್ತದೆ, ಆದರೆ ಶೆಡ್ಡುಗಳಲ್ಲಿ ಎಲ್ಲ ಕ್ಯಾನೂ ನೀಲಿಯೇ ಆದ್ದರಿಂದ ಆ ಬಣ್ಣವನ್ನು ನಾನು ಆಮೇಲೆ ಬಳಿದಿರಬಹುದು. ಅವನು ಯಾವ ಕಡೆಯಿಂದ ತುಂಬಿಕೊಂಡು ಬಂದ ಎಂಬುದನ್ನು ನಾನು ನೋಡಲಿಲ್ಲ. ನೋಡುವ ಕಾರಣವಿರಲಿಲ್ಲ.

ಅಥಣಿ ರಸ್ತೆಯಲ್ಲಿ ಊರು ಇನ್ನೂ ದೂರವಿದ್ದಾಗಲೇ ಇಂಜಿನ್ನಿನ ಸದ್ದು ಬದಲಾಯಿತು. ಎಳೆಯುವ ಶಕ್ತಿ ಕುಗ್ಗಿತು. ಕಂಬಳಿ ವಾಸನೆ ಬಂತು. ಮುಳ್ಳುಗಳ ವಿಷಯ ಬಿಡಿ, ಅದನ್ನು ನಾನು ನಂಬುವುದಿಲ್ಲ. ಒಂದು ಚಹದಂಗಡಿಯ ಮುಂದೆ ನಿಲ್ಲಿಸಿದೆ. ಮುಂದಿನ ತಗಡು ಎತ್ತಿ ಕಾಕಾ ರೇಡಿಯೇಟರಿನ ಮುಚ್ಚಳದ ಮೇಲೆ ಒದ್ದೆ ಗೋಣಿ ಹಾಕಿ, ಸ್ವಲ್ಪ ಸ್ವಲ್ಪವೇ ತಿರುಗಿಸಿದ. ಉಗಿ ಹೋದ ಮೇಲೆ ಬಂದದ್ದು ನೊರೆ. ಬೆಳ್ಳನೆಯ, ಹಾಲಿನಂಥ ನೊರೆ, ತಡೆಯಿಲ್ಲದೆ ಉಕ್ಕಿ ಬಂಪರಿನ ಮೇಲೆ ಇಳಿಯಿತು.

ಚಹದಂಗಡಿಯವನು ಲೋಟ ತೊಳೆಯುತ್ತಿದ್ದವನು ಎದ್ದು ಬಂದ. "ಏನ್ರಿ ಅಜ್ಜಾರ, ಗಾಡಿ ಮಜ್ಜಿಗಿ ಕಡ್ಯಾಕತ್ತೈತಲ್ರಿ!"

"ಮಜ್ಜಿಗಿ ಅಲ್ಲೋ ತಮ್ಮಾ," ಅಂದ ಕಾಕಾ. "ಇದರ ಜೀವ ಹೊರಗ ಬರಾಕತ್ತೈತಿ."

"ಬಂದ್ರ ಬರ್ಲಿ ಬಿಡ್ರಿ, ಮಂದಿ ಜೀವ ಉಳದೈತಲ್ಲ. ಚಾ ಹಾಕ್ಲೇನು?"

ನಾನು ನೊರೆಗೆ ಕೈ ಚಾಚಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದ. "ಮುಟ್ಟಬ್ಯಾಡ. ಸುಡ್ತೈತಿ." ಆ ಹಿಡಿತ ನನಗೆ ಚೆನ್ನಾಗಿ ನೆನಪಿದೆ. ಆ ದಿನದ ಸಂಗತಿಗಳಲ್ಲಿ ನಾನು ಸಂಶಯಪಡದಿರುವುದು ಅದೊಂದನ್ನೇ, ಯಾಕೆಂದರೆ ಅದು ಕಣ್ಣಿನದಲ್ಲ, ಚರ್ಮದ್ದು. ಆಗ ಅದನ್ನು ಅಕ್ಕರೆ ಎಂದುಕೊಂಡೆ. ತನ್ನ ಕೈಗೆ ಹತ್ತಿದ್ದನ್ನು ಅವನು ಧೋತರಕ್ಕೆ ಒರೆಸಿಕೊಂಡ. ಬೆರಳು ತಿಕ್ಕಲಿಲ್ಲ. ನೀರು ಹಾಕಲಿಲ್ಲ. ಪಕ್ಕದಲ್ಲೇ ಚಹದಂಗಡಿಯ ನೀರಿನ ಹಂಡೆ ಇತ್ತು.

"ಹೆಡ್ ಗ್ಯಾಸ್ಕೆಟ್ ಹೋಗೇತಿ. ಆಯಿಲು ನೀರು ಕೂಡ್ಯಾವು," ಅಂದ. ಆಯಿಲು ನೀರು ಬೆರೆಯದ ಹಾಗೆ ಇಂಜಿನ್ನಿನ ಹೆಡ್ಡಿನ ಕೆಳಗೆ ಕೂತಿರುವ ತೆಳ್ಳನೆಯ ಹಾಳೆ ಅದು.

ನಾನು ಆಯಿಲ್ ಕಡ್ಡಿ ಎಳೆದು ಒರೆಸಿ ಮತ್ತೆ ಹಾಕಿ ತೆಗೆದೆ. ಆಯಿಲ್ ಮೇಲಿನ ಗೆರೆಯ ತನಕ ಇತ್ತು. ಕಪ್ಪಗೆ, ಯಾವಾಗಲೂ ಇರುವ ಹಾಗೆ. ಬಿಳುಪಿನ ಸುಳಿವಿಲ್ಲ.

"ಕಾಕಾ, ಆಯಿಲ್ ಕಮ್ಮಿನ ಆಗಿಲ್ರಿ. ಮತ್ತ ಅಲ್ಲಿ ಕೂಡಿದ್ದು ಎಲ್ಲಿಂದು?"

"ಲೇ, ನಿನ್ನ ಕೈಯಾಗ ಪಾನಾ ಕೊಟ್ಟು ಬೋಲ್ಟ್ ತಿರುವಾಕ ಕಲಿಸಿದಾಂವ ನಾನು. ನನಗ ಪರೀಕ್ಷಾ ಇಡ್ತಿ?"

"ಹಂಗಲ್ರಿ, ಕೇಳಿದ್ನಿ."

"ಈಗರ ಹರದೇತಿ ಅದು. ಆಯಿಲ್ ಇಳ್ಯಾಕ ಟೈಮ್ ಬೇಕಲ್ಲ? ಚಾ ಕುಡಿ. ತಣ್ಣಗಾಗ್ಲಿ."

ತಣ್ಣಗಾದ ಮೇಲೆ ಅಂಗಡಿಯವನ ನೀರು ತುಂಬಿ ಸ್ಟಾರ್ಟ್ ಮಾಡಿದೆ. ಆಯಿಲ್ ಮೀಟರಿನ ಮುಳ್ಳು ಸ್ವಲ್ಪ ಎದ್ದು, ಮತ್ತೆ ಸೊನ್ನೆಯ ಪಕ್ಕ ಕೂತಿತು. ಇದನ್ನು ಮಾತ್ರ ಇಬ್ಬರೂ ನೋಡಿದೆವು. ಕಾಕಾ ಸ್ಕ್ರೂಡ್ರೈವರ್ ತೆಗೆದು ಇಂಜಿನ್ನಿನ ಕೆಳಭಾಗಕ್ಕೆ ಒತ್ತಿ ಕಿವಿ ಕೊಟ್ಟ. ಬಹಳ ಹೊತ್ತು ಕೇಳಿದ. ಆಮೇಲೆ ಹಿಡಿಕೆಯನ್ನು ನನ್ನ ಕಿವಿಗೆ ಹಚ್ಚಿದ.

"ಟಕ್ ಟಕ್ ಅನ್ನಾಕತ್ತೈತಿ. ಕೇಳ್ತೈತಿಲ್ಲ? ಬೇರಿಂಗ್ ಹೋಗ್ಯಾವು. ಅದಕ್ಕ ಪ್ರೆಶರ್ ಏಳವಲ್ದು."

ನನಗೆ ಟಕ್ ಟಕ್ ಕೇಳಿಸಿತು. ಅವನು ಹೇಳುವ ಮೊದಲು ಕೇಳಿಸಿತ್ತೇ, ಹೇಳಿದ ಮೇಲೆ ಕೇಳಿಸಿತೇ ಎಂದು ಆಮೇಲೆ ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಡೀಸೆಲ್ ಇಂಜಿನ್ನಿಗೆ ಕಿವಿ ಹಚ್ಚಿದರೆ ಟಕ್ ಟಕ್ ಕೇಳದೆ ಇರುತ್ತದೆಯೇ? ಆದರೆ ಅವನ ಸ್ಕ್ರೂಡ್ರೈವರಿನಿಂದ ಕೇಳಿದ್ದು ನನಗೆ ಯಾವತ್ತೂ ಅವನು ಹೇಳಿದ್ದೇ ಆಗಿತ್ತು.

"ಮುಗೀತ್ ತಮ್ಮಾ," ಅಂದ. "ನಿಮ್ಮಪ್ಪನ ಜೋಡಿನ ಹೋಗಬೇಕಿತ್ತಿದು. ಭಾಳ ದಿನಾ ದುಡೀತು."

ಅವನ ಕಣ್ಣು ಒದ್ದೆಯಾಗಿತ್ತು. ಇದನ್ನು ಬರೆಯಬಾರದೆಂದಿದ್ದೆ. ಆದರೆ ಒದ್ದೆಯಾಗಿತ್ತು.

ಬೇರೊಂದು ಲಾರಿ ಕರೆಸಿ ಲೋಡ್ ಬದಲಿಸಿ ಕಳಿಸಿದೆವು. ನಮ್ಮದನ್ನು ಸರಪಳಿ ಕಟ್ಟಿ ವಿಜಯಪುರದ ಗ್ಯಾರೇಜಿಗೆ ಎಳೆಸಿದೆವು. ಗ್ಯಾರೇಜಿನವನು ಕಾಕಾನ ಹಳೆಯ ಶಿಷ್ಯ. ಮರುದಿನ ಹೆಡ್ ಇಳಿಸಿದ. ಅಣ್ಣ ಅಂಗಡಿ ಬಿಟ್ಟು ಬಂದು ಬಾಗಿಲಲ್ಲಿ ಕರವಸ್ತ್ರ ಮೂಗಿಗೆ ಹಿಡಿದು ನಿಂತಿದ್ದ. ಶಿಷ್ಯ ಗ್ಯಾಸ್ಕೆಟ್ ಎತ್ತಿ ಬೆಳಕಿಗೆ ಹಿಡಿದ, ತಿರುಗಿಸಿದ, ಮತ್ತೆ ಹಿಡಿದ.

"ಗ್ಯಾಸ್ಕೆಟ್ ಚೊಲೊ ಐತ್ರಿ ಗುರುಗಳ."

ಕಾಕಾ ಟೊಪಗಿ ತೆಗೆದು ಕೊಡವಿದ.

"ಹೊಸಾದೊಂದು ಹಾಕಿ, ರೇಡಿಯೇಟರ್ ತೊಳದು, ಡೈರೆಕ್ಟ್ ಮೀಟರ್ ಹಚ್ಚಿ ನೋಡೂಣೇನ್ರಿ? ಡ್ಯಾಶಿನ್ಯಾಗಿಂದು ನಂಬಾಕ ಬರೂದಿಲ್ಲ."

ಡೈರೆಕ್ಟ್ ಮೀಟರ್ ಎಂದರೆ ತಂತಿಯ ಮೂಲಕ ಬರುವ ಸುದ್ದಿಯಲ್ಲ. ಇಂಜಿನ್ನಿಗೇ ಪೈಪು ಜೋಡಿಸಿ ಆಯಿಲಿನ ಒತ್ತಡವನ್ನು ನೇರ ಅಳೆಯುವುದು. ತಣ್ಣಗಿದ್ದಾಗ ಒಮ್ಮೆ, ಚೆನ್ನಾಗಿ ಕಾದ ಮೇಲೆ ಒಮ್ಮೆ ನೋಡಿದರೆ ಇಂಜಿನ್ನಿನ ಒಳಗು ನಿಜವಾಗಿ ಸವೆದಿದೆಯೇ ಎಂದು ತಿಳಿಯುತ್ತದೆ. ಇದನ್ನು ಕೂಡ ನಾನು ಕಲಿತದ್ದು ಕಾಕಾನಿಂದಲೇ.

"ನೋಡಿ ಏನ್ ಮಾಡ್ತಿ?" ಅಂದ ಕಾಕಾ. "ಬ್ಲಾಕ್ ಒಳಗ ಒಡದೇತಿ. ಕಣ್ಣಿಗಿ ಕಾಣೂದಿಲ್ಲ. ಸುಮ್ನ ಸತ್ತ ಹೆಣಕ್ಕ ಸೂಜಿ ಚುಚ್ಚಿದಂಗ."

ಶಿಷ್ಯ ನನ್ನ ಕಡೆ ನೋಡಿದ. ಗುರುವಿಗೆ ಎದುರು ಮಾತಾಡುವುದು ಅವನಿಗೆ ಆಗುತ್ತಿರಲಿಲ್ಲ, ನಾನು ಮಾತಾಡಲಿ ಎಂದು ಕಾಯುತ್ತಿದ್ದ. ನಾನು ಕಾಕಾನ ಕಡೆ ನೋಡಿದೆ. ಅಣ್ಣ ಹಿಂದಿನಿಂದ, "ಸಾಕ್ ಬಿಡೋ ತಮ್ಮಾ. ಮಾತು ಅಂದ್ರ ಮಾತು," ಅಂದ. ಅವನು ಗೆದ್ದವನ ದನಿಯಲ್ಲಿ ಹೇಳಲಿಲ್ಲ, ನನ್ನ ಹೆಗಲ ಮೇಲೆ ಕೈ ಇಟ್ಟು ಹೇಳಿದ. ನಾನು ಆಗಲಿ ಅಂದೆ. ಗಾಡಿ ಗುಜರಿಗೆ ಹೋಯಿತು. ಕ್ಯಾಬಿನ್ ಕತ್ತರಿಸುವಾಗ ಸ್ಟೇರಿಂಗ್ ಉರುಳಿ ಹೋದದ್ದನ್ನು ನಾನು ಗೆಳೆಯರಿಗೆ ವರ್ಣಿಸಿದ್ದೇನೆ. ಆದರೆ ನಾನು ಅಲ್ಲಿಗೆ ಹೋಗಿಯೇ ಇರಲಿಲ್ಲ.

ಮುಂದಿನ ಹಂಗಾಮಿನಲ್ಲಿ ನಾನು ಇನ್ನೊಬ್ಬರ ಟೆಂಪೊ ಓಡಿಸುತ್ತಿದ್ದೆ. ಬಬಲೇಶ್ವರದ ಕಡೆ, ಕಾಖಂಡಕಿ ದಾರಿಯ ಒಂದು ಶೆಡ್ಡಿಗೆ ಖಾಲಿ ಕ್ರೇಟು ತಲುಪಿಸಬೇಕಿತ್ತು. ಬೆಳಗಿನ ಹೊತ್ತು. ಹೊಲದಿಂದ ಹಸಿ ದ್ರಾಕ್ಷಿ ಬಂದಿತ್ತು, ಹೆಂಗಸರು ಅದ್ದುವ ಕೆಲಸ ನಡೆಸಿದ್ದರು. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ದ್ರಾಕ್ಷಿ ಬೇಗ ಒಣಗಬೇಕಾದರೆ ಬಲೆಯ ಮೇಲೆ ಹರಡುವ ಮೊದಲು ಅದನ್ನು ಕಾರ್ಬೋನೇಟಿನ ಪುಡಿ ಮತ್ತು ಡಿಪ್ಪಿಂಗ್ ಆಯಿಲ್ ಕಲೆಸಿದ ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆಯುತ್ತಾರೆ. ಪುಡಿ ಬಟ್ಟೆ ಸೋಡಾದ ಜಾತಿಯದು. ಎಣ್ಣೆ ಕೂಡಿದೊಡನೆ ನೀರು ಹಾಲಿನಂತಾಗುತ್ತದೆ. ಇಷ್ಟು ವರ್ಷ ಶೆಡ್ಡುಗಳಿಗೆ ಹೋಗಿ ಬಂದು ಮಾಡಿದ್ದರೂ ನಾನು ಆ ತೊಟ್ಟಿಯ ಹತ್ತಿರ ಹೋಗಿ ನಿಂತವನಲ್ಲ. ನಮ್ಮದು ಒಣಗಿದ ಮಾಲಿನ ಕೆಲಸ, ಇನ್ನೊಂದು ತುದಿಯದು.

ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡಿದ್ದ ಒಬ್ಬ ಹೆಂಗಸು ಕ್ರೇಟು ಅದ್ದುತ್ತಿದ್ದವಳು ನನ್ನನ್ನು ನೋಡಿದಳು. ಈ ಕೆಲಸದವರು ಒಂದೇ ಕಡೆ ಇರುವುದಿಲ್ಲ, ಹಂಗಾಮು ತಿರುಗಿದ ಹಾಗೆ ಶೆಡ್ಡಿನಿಂದ ಶೆಡ್ಡಿಗೆ ಹೋಗುತ್ತಾರೆ.

"ನಿಮ್ಮನ್ನ ಎಲ್ಲೆರ ನೋಡೇನಲ್ರಿ? ಹೋದ ವರ್ಷ ತಿಕೋಟಾದಾಗ ಹಸಿರು ಲಾರಿ ತಂದಿದ್ರಿಲ್ಲ?"

"ಹೌದ್ರಿ."

"ಅಯ್ಯ, ಔಷಧ ಕುಡದ ಲಾರಿಯವ್ರು!" ಎಂದು ಅವಳು ಪಕ್ಕದವಳಿಗೆ ಮೊಣಕೈಯಿಂದ ತಿವಿದಳು. ಇಬ್ಬರೂ ನಕ್ಕರು. "ಬದಿಕೇತೇನ್ರಿ ಅದು?"

"ಎಂಥಾ ಔಷಧರಿ?"

"ಇದ ರಿ ಯಪ್ಪಾ, ಮತ್ತೆಂಥಾದು. ಟೊಪಗಿ ಹಾಕ್ಕೊಂಡ ಯಜಮಾನ್ರು ಕ್ಯಾನ್ ತಗೊಂಡು ನಾವು ಅದ್ದೂ ಟಾಕಿಗಿ ಬಂದ್ರು. ನಾ ಅಂದ್ನಿ, ಇದು ನೀರಲ್ಲರಿ, ಎಣ್ಣಿ ಹಾಕೇವಿ, ಕಾರ್ಬೋನೇಟ್ ಹಾಕೇವಿ, ಕೈ ಒಡೀತಾವು, ನೀರಿನ ನಳ ಆ ಕಡೆ ಐತಿ ಅಂತ. 'ಗೊತ್ತೈತಿ ಬೇ, ಇಂಜಿನ್ನಿನ ಹೊಟ್ಟಿ ತೊಳೀಬೇಕು, ಅದಕ್ಕ ಒಯ್ಯಾಕತ್ತೇನಿ' ಅಂದ್ರು. ಕ್ಯಾನ್ ತುಂಬಿಸ್ಕೊಂಡು ಹೋಗಿ ಲಾರಿ ಬಾಯಾಗ ಸುರದ್ರು."

ಪಕ್ಕದವಳು, "ಲಾರಿನೂ ಒಣಗ್ಸಿ ಡಬ್ಬಿಗಿ ಹಾಕ್ತಾರ ಅಂತ ನಾವು ನಕ್ಕಿದ್ದ ನಕ್ಕಿದ್ದು," ಅಂದಳು.

"ಸತ್ತ ಹೋತ್ರಿ ಅದು," ಅಂದೆ.

ನಗು ನಿಂತಿತು. "ಅಯ್ಯ ಶಿವನ," ಅಂದಳು ಮೊದಲಿನವಳು. "ನಾ ಹೇಳಿದ್ನಿರಿ. ನಿಮ್ಮ ಮುಂದ ಅವ್ರು ಹೇಳಲಿಲ್ಲೇನು?"

ನಾನು ತೊಟ್ಟಿಗೆ ಕೈ ಹಾಕಿದೆ. ಹೆಬ್ಬೆರಳು, ತೋರುಬೆರಳು. ನುಣ್ಣಗೆ, ಸಾಬೂನಿನ ಹಾಗೆ ಜಾರಿತು. ಉಗುರಿನ ಪಕ್ಕದ ಸಣ್ಣ ಸೀಳಿನಲ್ಲಿ ಉರಿಯಿತು. ನಳದ ಕೆಳಗೆ ಹಿಡಿದೆ. ಪೂರ್ತಿ ಹೋಯಿತು. ಜಿಗಿ ಉಳಿಯಲಿಲ್ಲ. ಚಹದಂಗಡಿಯ ಮುಂದೆ ಕಾಕಾ ನನ್ನ ಮಣಿಕಟ್ಟು ಹಿಡಿಯದೆ ಇದ್ದಿದ್ದರೆ ನನ್ನ ಬೆರಳಿಗೆ ಆ ಮಧ್ಯಾಹ್ನವೇ ಇದು ತಿಳಿಯುತ್ತಿತ್ತು.

ನಮ್ಮ ಕಡೆ ಬೋರಿನ ನೀರು ಸವಳು. ರೇಡಿಯೇಟರಿನ ಒಳಗೆ ಬಿಳಿ ಪೊರೆ ಕಟ್ಟುತ್ತದೆ, ಗಾಡಿ ಕಾಯುತ್ತದೆ. ಆ ಪೊರೆ ಕಳೆಯಲು ಹಳೆಯ ಡ್ರೈವರರು ಬಟ್ಟೆ ಸೋಡಾ ಕಲೆಸಿ ಹಾಕುತ್ತಾರೆ. ಕಾಕಾ ಕೂಡ ಹಾಕುತ್ತಿದ್ದ. ಹಾಗಾಗಿ ಹೊಟ್ಟೆ ತೊಳೆಯುವ ಮಾತು ಪೂರ್ತಿ ಸುಳ್ಳಾಗಿರಲಿಕ್ಕಿಲ್ಲ. ಸೋಡಾದ ಜಾತಿಯದು ಸುಮ್ಮನೆ ಸಿಕ್ಕಿದೆ, ಹಾಕಿ ನೋಡೋಣ ಎಂದು ಅನ್ನಿಸಿರಬಹುದು. ಟೆಂಪೊದಲ್ಲಿ ವಾಪಸು ಬರುವಾಗ ಮೊದಲು ಹೀಗೆಯೇ ಯೋಚಿಸಿದೆ, ಅವನನ್ನು ಉಳಿಸಿಕೊಳ್ಳಲು. ಆದರೆ ಸೋಡಾ ಹಾಕಿದ ದಿನ ಅವನು ಗಾಡಿಗೆ ಲೋಡ್ ಹಾಕಗೊಡುತ್ತಿರಲಿಲ್ಲ. ಖಾಲಿ ಓಡಿಸಿ, ಬಸಿದು, ಒಳ್ಳೆಯ ನೀರಿನಿಂದ ತೊಳೆದು, ಆಮೇಲೆ ಕೆಲಸ. ಎಣ್ಣೆ ಕೂಡಿದ್ದು ಒಳಗೆ ಹೋದರೆ ನೊರೆ ಏಳುತ್ತದೆ, ನೊರೆ ಕಾವನ್ನು ಒಯ್ಯುವುದಿಲ್ಲ ಎಂಬುದೂ ಅವನಿಗೆ ತಿಳಿಯದ್ದಲ್ಲ. ಸರಿ, ತಪ್ಪಿ ಹಾಕಿದ ಅಂತಲೇ ಇಟ್ಟುಕೊಳ್ಳೋಣ. ಚಹದಂಗಡಿಯ ಮುಂದೆ ನೊರೆ ಉಕ್ಕಿದಾಗ? ಗ್ಯಾರೇಜಿನಲ್ಲಿ ಗ್ಯಾಸ್ಕೆಟ್ ಬೆಳಕಿಗೆ ಹಿಡಿದಾಗ? ಒಂದು ಮಾತು ಸಾಕಿತ್ತು. ಶಿಷ್ಯ ನಗುತ್ತಿದ್ದ, ನಾನು ನಗುತ್ತಿದ್ದೆ, ರೇಡಿಯೇಟರ್ ತೊಳೆಯುತ್ತಿದ್ದೆವು.

ಮಮದಾಪುರಕ್ಕೆ ಹೋದಾಗ ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದ. ಬಾ ಅಂದ. ಕೂಡು ಅಂದ. ನಾನು ನಿಂತೇ ಕೇಳಿದೆ.

"ಕಾಕಾ, ಅವತ್ತ ತಿಕೋಟಾದ ಶೆಡ್ಡಿನ್ಯಾಗ ರೇಡಿಯೇಟರಿಗಿ ಏನ್ ಹಾಕಿದ್ರಿ?"

ಕೈ ನಿಲ್ಲಲಿಲ್ಲ. "ನೀರು."

"ಎಲ್ಲಿ ನೀರು?"

"ನನಗೇನ್ ಗೊತ್ತು? ನೀ ತಂದಿದ್ದು."

"ನಾನ?"

"ಮತ್ತ್ಯಾರು? ಕ್ಯಾನ್ ತುಂಬ್ಕೊಂಡ ಬಂದಾಂವ ನೀನ, ಸುರದಾಂವ ನೀನ. ನಾ ನೆರಳಿಗಿ ಕುಂತಿದ್ನಿ."

"ನಾ ಲೋಡಿನ ಮ್ಯಾಲಿದ್ನಿರಿ. ಹಗ್ಗ ಕಟ್ಟಾಕತ್ತಿದ್ನಿ. ನೀರು ಕಮ್ಮಿ ಐತಿ ಅಂತ ನೀವ ಕೂಗಿ ಹೇಳಿದ್ರಿ."

"ಹಂಗಂತ ನಿನಗ ನೆನಪೈತಿ," ಅಂದ. ಮೊದಲ ಸಲ ನನ್ನ ಮುಖ ನೋಡಿದ. "ನಿನ್ನ ನೆನಪು ಎಂಥಾದು ಅಂತ ಮನ್ಯಾಗ ಎಲ್ಲಾರಿಗೂ ಗೊತ್ತೈತಿ. ಸಣ್ಣಾಂವ ಇದ್ದಾಗ ಬಾವಿಗಿ ಬಿದ್ದಿದ್ನಿ ಅಂತ ಸಾಲ್ಯಾಗ ಹೇಳಿ ಬಂದಾಂವ ನೀನು. ಬಿದ್ದಾಂವ ನಿಮ್ಮಣ್ಣ."

ಇದು ನಿಜ. ಬಾವಿಗೆ ಬಿದ್ದದ್ದು ಅಣ್ಣ. ತಣ್ಣನೆಯ ಆ ನೀರು ಮೂಗಿಗೆ ಹೋದದ್ದು ನನಗೆ ಇವತ್ತಿಗೂ ನೆನಪಿದೆ. ಅವನು ಅದನ್ನು ಸರಿಯಾಗಿಯೇ ಆರಿಸಿಕೊಂಡಿದ್ದ. ಲಾರಿ ಹೋದದ್ದಕ್ಕಿಂತ ಇದು ನನಗೆ ಹೆಚ್ಚು ಹತ್ತಿತು. ನನ್ನ ಒಳಗೆ ಎಲ್ಲಿ ಸಡಿಲವಿದೆ ಎಂದು ತಿಳಿದವನು ಅಲ್ಲಿಯೇ ಸ್ಕ್ರೂಡ್ರೈವರ್ ಹಾಕಿದ್ದ.

"ಅಲ್ಲಿ ಕೆಲಸ ಮಾಡೂ ಹೆಣ್ಮಗಳು ನೋಡ್ಯಾಳ. ಟೊಪಗಿ ಹಾಕ್ಕೊಂಡಾವ್ರು ಅಂದ್ಳು."

"ತಿಕೋಟಾದಾಗ ಟೊಪಗಿ ಹಾಕ್ಕೊಳ್ಳಾಂವ ನಾನೊಬ್ನ ಏನು?"

"ಬೆರಳಿಗಿ ಹಚ್ಚಿ ತಿಕ್ಕಿ ನೋಡ್ಲಿಲ್ಲ ನೀವು. ಯಾಕ ನೋಡ್ಲಿಲ್ರಿ?"

ಆಗ ಹಗ್ಗ ಹೊಸೆಯುವುದು ನಿಂತಿತು.

"ನೋಡಿದ್ನ್ಯಲ್ಲ."

"ಇಲ್ರಿ. ಧೋತರಕ್ಕ ಒರಸ್ಕೊಂಡ್ರಿ."

"ತಿಕ್ಕಿ ನೋಡಿದ್ನಿ ತಮ್ಮಾ. ನೀ ಚಾ ಕುಡ್ಯಾಕ ಹೋದಾಗ. ನೀ ನೋಡಿಲ್ಲ."

ನೋಡಿದ್ದರೆ ಅವನಿಗೆ ಗೊತ್ತಾಗಿರಲೇಬೇಕು. ಬರಿ ನೀರಿಗೆ ಹೋಗುವುದು ಆಯಿಲ್ ಅಲ್ಲ. ನಾನು ಇದನ್ನು ಹೇಳಲಿಲ್ಲ, ಹೇಳುವುದು ಬೇಕಿರಲಿಲ್ಲ. ತನ್ನ ಬಾಯಿಂದ ಏನು ಹೊರಬಿತ್ತು ಎಂದು ಅವನಿಗೂ ತಿಳಿದಿತ್ತೆಂದು ನನಗೆ ಅನ್ನಿಸಿತು. ಅಥವಾ ತಿಳಿದಿರಲಿಲ್ಲ, ತನ್ನ ಪರೀಕ್ಷೆಯನ್ನು ತಾನು ಬಿಟ್ಟೆ ಎಂದು ಒಪ್ಪಲಾರದೆ ಸುಮ್ಮನೆ ಹೇಳಿದ. ಆ ಹೆಮ್ಮೆಯೂ ಅವನಲ್ಲಿತ್ತು.

ಕಾಕಿ ಚಹ ತಂದಳು. "ಯಾಕೋ ತಮ್ಮಾ, ಮಾರಿ ಹಿಂಗ್ಯಾಕ ಮಾಡಿ? ನಿಂತ ಯಾಕ ಮಾತಾಡಾಕತ್ತಿ, ಕುಂದ್ರು."

"ಗಾಡಿ ಸುದ್ದಿ ತಗದಾನ," ಅಂದ ಕಾಕಾ. "ಹೋದದ್ದು ಹೋತು. ಇವಗ ಬಿಡವಲ್ದು."

ಚಹ ಕುಡಿಯದೆ ಎದ್ದು ಬಂದೆ ಎಂದು ನಾನು ಅಣ್ಣನಿಗೆ ಹೇಳಿದ್ದೇನೆ. ಕುಡಿದೆ. ಬಸ್ಸಿಗೆ ಹೊತ್ತಾಗಿದೆ ಎಂದು ಹೇಳಿ ಹೊರಟೆ. ಅವನು ಕಟ್ಟೆ ಇಳಿದು ದಾರಿಯ ತನಕ ಬಂದ, ಯಾವಾಗಲೂ ಬರುವ ಹಾಗೆ. ಟೆಂಪೊದ ಬ್ರೇಕ್ ಹೇಗಿದೆ ಎಂದು ಕೇಳಿದ. ಚೊಲೊ ಅದಾವ್ರಿ ಅಂದೆ.

ಆಮೇಲೆ ಅಣ್ಣನನ್ನು ಕೇಳಿದೆ, ನೀನು ಕಾಕಾಗೆ ಮೊದಲೇ ಏನಾದರೂ ಹೇಳಿದ್ದೆಯಾ ಎಂದು. ಅವನು ಸಿಟ್ಟಾದ. ನನ್ನ ಮೇಲೆ ಇಷ್ಟು ವಿಶ್ವಾಸವಿಲ್ಲವೇ ಎಂದ. ಅವನು ಹೇಳಿರಲಿಕ್ಕಿಲ್ಲ ಎಂದು ನಂಬುತ್ತೇನೆ, ಬಹಳ ದಿನ. ಕೆಲವು ದಿನ ನಂಬುವುದಿಲ್ಲ. ಅವ್ವನನ್ನು ಕೇಳುವ ಧೈರ್ಯ ಆಗಿಲ್ಲ. ಅಪ್ಪನ ದಿನಗಳಲ್ಲಿ ಬ್ರೇಕ್ ಸೋತು ಒಮ್ಮೆ ಗಾಡಿ ಹೊಲಕ್ಕೆ ಇಳಿದಿತ್ತು. ಅವತ್ತಿನಿಂದ ಅವಳು ಅದರ ಸದ್ದು ಕೇಳಿದರೆ ಒಳಗೆ ಹೋಗುತ್ತಿದ್ದಳು. ಕಾಕಾ ಕೂಡ ಪ್ರತಿ ಸಲ ಗಾಡಿ ಕೆಟ್ಟಾಗ ಮಮದಾಪುರದಿಂದ ಬಸ್ಸು ಹಿಡಿದು ಬರಬೇಕಾಗುತ್ತಿತ್ತು. ಬರುವುದಿಲ್ಲ ಎಂದು ನನಗೆ ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ. ಹೀಗೆ ಕಾರಣಗಳನ್ನು ನಾನು ಎಷ್ಟಾದರೂ ಹುಟ್ಟಿಸಬಲ್ಲೆ, ಯಾವುದನ್ನು ಹುಟ್ಟಿಸಿದರೂ ಒಂದು ವಾರ ಅದೇ ನಿಜ ಅನ್ನಿಸುತ್ತದೆ.

ಕ್ಯಾನು ತುಂಬಿಸಿ ಸುರಿದವನು ಅವನೇ ಎಂಬುದರಲ್ಲಿ ನನಗೆ ಸಂಶಯವಿಲ್ಲ. ತೊಳೆಯಲು ಹಾಕಿ, ಕೆಟ್ಟಾಗ ಶಿಷ್ಯನ ಮುಂದೆ ನಗೆಪಾಟಲಾಗಲಾರದೆ ಸುಮ್ಮನಾದನೋ, ಕೊಲ್ಲಲೆಂದೇ ಹಾಕಿದನೋ ನನಗೆ ಗೊತ್ತಿಲ್ಲ. ರೇಡಿಯೇಟರ್ ತೊಳೆದು ಡೈರೆಕ್ಟ್ ಮೀಟರ್ ಹಚ್ಚಿದ್ದರೆ ಪ್ರೆಶರ್ ಏಳುತ್ತಿತ್ತೋ, ಅಥವಾ ಬೇರಿಂಗ್ ನಿಜವಾಗಿಯೂ ಸವೆದಿದ್ದವೋ, ಅದೂ ಗೊತ್ತಿಲ್ಲ. ಇಂಜಿನ್ ಇಲ್ಲ, ಅಳೆಯಲು ಬರುವುದಿಲ್ಲ. ಕಾಕಾ ಇದ್ದಾನೆ. ಆಮೇಲೆ ನಾನು ಅವನನ್ನು ಕೇಳಿಲ್ಲ.